ಹಂದಿಯ ಮೈಬಿಸಿ ಹೇಳುವುದೇನು, ಹೇಳದಿರುವುದೇನು

ಚಿರಂಜೀವಿ ಮಗನಿಗೆ ದೊಡ್ಡಪ್ಪನ ಆಶೀರ್ವಾದಗಳು.

ಯಾರ್ಕ್‌ಶೈರ್ ಹೆಣ್ಣುಹಂದಿಗಳ ಮೈಬಿಸಿಯನ್ನು ದಿನವೂ ಅಳೆದು, ಅದು ಏರಿದ ದಿನವೇ ಬೆದೆಯೆಂದು ತಿಳಿದು ಗಂಡಿಗೆ ಕೂಡಿಸುವ ಯೋಚನೆಯಿದೆಯೆಂದು ಬರೆದಿದ್ದೀಯೆ. ಅಳೆದು ಬರೆದಿಡುವ ಶಿಸ್ತು ಒಳ್ಳೆಯದೇ. ಆದರೆ ಬೆದೆಯ ತೀರ್ಮಾನವನ್ನು ಥರ್ಮಾಮೀಟರಿಗೆ ಒಪ್ಪಿಸಬೇಡ. ಆರೋಗ್ಯವಂತ ಹಂದಿಯ ಗುದದ ಉಷ್ಣತೆ ಸುಮಾರು 101.5ರಿಂದ 103.5 ಡಿಗ್ರಿ ಫ್ಯಾರನ್‌ಹೀಟ್ ಇರುತ್ತದೆ. ಬೆಳಿಗ್ಗೆಗಿಂತ ಸಂಜೆ ಹೆಚ್ಚು, ಅಟ್ಟಾಡಿಸಿ ಹಿಡಿದರೆ ಇನ್ನೂ ಹೆಚ್ಚು. ಬೆದೆಯಿಂದಾಗುವ ಅಲ್ಪಸ್ವಲ್ಪ ಬದಲಾವಣೆ ಈ ಏರಿಳಿತದೊಳಗೇ ಮುಚ್ಚಿಹೋಗುತ್ತದೆ. ಯೋನಿಯ ತುಟಿಗಳು ಕೆಂಪೇರಿ ಊದಿಕೊಳ್ಳುವಾಗ ಅಲ್ಲಿನ ಚರ್ಮ ಬಿಸಿಯಾಗುವುದೂ, ಅಂಡ ಬಿಡುಗಡೆಯ ಹೊತ್ತಿಗೆ ತಣಿಯುವುದೂ ನಿಜ. ಸಂಶೋಧಕರು ಅದನ್ನು ಅತಿಗೆಂಪು ಕ್ಯಾಮೆರಾದಲ್ಲಿ ಕಂಡಿದ್ದಾರೆ. ಕೆಸರು, ಬಿಸಿಲು ಎರಡೂ ಇರುವ ನಮ್ಮ ಶೆಡ್ಡಿನಲ್ಲಿ ಅದನ್ನು ನೆಚ್ಚಿಕೊಳ್ಳುವಂತಿಲ್ಲ.

ಬೆದೆಗೆ ನಿನ್ನ ಕೈಯೇ ಸಾಕು. ಮರಿಗಳಿಗೆ ತಾಯಿಹಾಲು ಬಿಡಿಸಿದ ನಾಲ್ಕರಿಂದ ಏಳು ದಿನಗಳೊಳಗೆ, ಗಬ್ಬ ಕಟ್ಟದಿದ್ದರೆ ಮತ್ತೆ ಸುಮಾರು 21 ದಿನಗಳಿಗೆ, ಗಂಡುಹಂದಿಯನ್ನು ಮೂತಿಗೆ ಮೂತಿ ತಾಗುವಂತೆ ಎದುರು ನಿಲ್ಲಿಸಿ, ಹೆಣ್ಣಿನ ಸೊಂಟದ ಮೇಲೆ ಎರಡೂ ಅಂಗೈಗಳನ್ನು ಊರಿ ಒತ್ತಿ ನೋಡು. ಕಿವಿ ನಿಮಿರಿಸಿ ಕಲ್ಲಿನಂತೆ ನಿಂತರೆ ಬೆದೆ. ನುಣುಚಿಕೊಂಡರೆ ಇನ್ನೂ ಕಾಯಬೇಕು. ಎರಡು ಮೂರು ದಿನದ ಬೆದೆಯಲ್ಲಿ ಅಂಡ ಬಿಡುಗಡೆಯಾಗುವುದು ಕೊನೆಯ ಭಾಗದಲ್ಲಾದ್ದರಿಂದ, ಬೆಳಿಗ್ಗೆ ನಿಂತದ್ದನ್ನು ಸಂಜೆ ಒಮ್ಮೆ, ಮರುದಿನ ಬೆಳಿಗ್ಗೆ ಇನ್ನೊಮ್ಮೆ ಕೂಡಿಸು.

ಥರ್ಮಾಮೀಟರಿಗೆ ನಿಜವಾದ ಕೆಲಸವಿರುವುದು ಹೆರಿಗೆಯ ಆಸುಪಾಸಿನಲ್ಲಿ. ಗಬ್ಬದ ಅವಧಿ ಸುಮಾರು 114 ದಿನ. 110ನೆಯ ದಿನದಿಂದ ನಿತ್ಯ ಒಂದೇ ಹೊತ್ತಿಗೆ, ಹಂದಿ ಮಲಗಿರುವಾಗಲೇ ಅಳೆ. ತುದಿಗೆ ಎಣ್ಣೆ ಸವರಿ, ಲದ್ದಿಯೊಳಗೆ ಚುಚ್ಚಿಕೊಳ್ಳದಂತೆ ಓರೆಯಾಗಿ ಗುದದ ಗೋಡೆಗೆ ತಾಗಿಸಿ ಹಿಡಿ. ಹಿಂಬದಿಗೆ ಒಂದು ದಾರ ಕಟ್ಟಿರು, ಇಲ್ಲದಿದ್ದರೆ ಥರ್ಮಾಮೀಟರು ಒಳಗೆ ಜಾರೀತು. ಮರಿ ಹಾಕುವುದಕ್ಕೆ ಅರ್ಧ ದಿನ ಮೊದಲು ಮೈಬಿಸಿ ಒಂದು ಡಿಗ್ರಿಯಷ್ಟು ಏರುವುದುಂಟು. ಮೊಲೆಯಲ್ಲಿ ಹಾಲು ಜಿನುಗಿ, ಹುಲ್ಲು ಕೆದರುವುದೂ ಕಂಡರೆ ಆ ರಾತ್ರಿ ಶೆಡ್ಡಿನಲ್ಲೇ ಇರು.

ಮರಿ ಹಾಕಿದ ತಾಯಿ ಮೇವು ತಿನ್ನುತ್ತಿದ್ದರೆ ಮೈ ತುಸು ಬಿಸಿಯಿರುವುದು ಸಹಜ, ಗಾಬರಿ ಬೇಡ. 104 ದಾಟಿ, ಮೇವು ಬಿಟ್ಟು, ಕೆಚ್ಚಲು ಗಟ್ಟಿಯಾಗಿ, ಮರಿಗಳು ಹಸಿವಿನಿಂದ ಕಿರುಚುತ್ತಿದ್ದರೆ ಮಾತ್ರ ಅಂದೇ ಪಶುವೈದ್ಯರನ್ನು ಕರೆಸು. ಹಂದಿಗೆ ಬೆವರಿ ಮೈ ತಣಿಸಿಕೊಳ್ಳಲು ಬಾರದು; ಹಾಗಾಗಿ ಏಪ್ರಿಲ್ ಬಿಸಿಲಿನಲ್ಲಿ, ಅದರಲ್ಲೂ ಗಬ್ಬದ ಮೊದಲ ತಿಂಗಳಲ್ಲಿ, ನೀರು ಚಿಮುಕಿಸುವುದನ್ನು ತಪ್ಪಿಸಬೇಡ; ಮೈ ಕಾದರೆ ಭ್ರೂಣಗಳು ನಷ್ಟವಾಗುತ್ತವೆ.

ಒಂದಕ್ಕಿಂತ ಹೆಚ್ಚು ಹಂದಿಗಳಿಗೆ 105 ದಾಟಿದರೆ ಅದನ್ನು ಬೆದೆಗೂ ಬಿಸಿಲಿಗೂ ಹೊಂದಿಸಿಕೊಂಡು ಸುಮ್ಮನಿರಬೇಡ. 2020ರಲ್ಲಿ ಈಶಾನ್ಯ ಭಾರತದಲ್ಲಿ ಕಾಣಿಸಿಕೊಂಡ ಆಫ್ರಿಕನ್ ಹಂದಿಜ್ವರಕ್ಕೆ ಚಿಕಿತ್ಸೆಯಿಲ್ಲ. ಒಂದು ಹಂದಿಯನ್ನೂ ಶೆಡ್ಡಿನಿಂದ ಹೊರಗೆ ಸಾಗಿಸದೆ ಮೊದಲು ಪಶು ಆಸ್ಪತ್ರೆಗೆ ತಿಳಿಸು.

ಇಂತಿ,
ನಿನ್ನ ದೊಡ್ಡಪ್ಪ