ಗಂಟು ಕಟ್ಟುವ ಮುಂಚೆ ಫೋನ್ ಅಣಿಯಾಗಲಿ

ಮಾನ್ಯ ಸಂಪಾದಕರೇ,

ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯಿಂದ ಓದಲು, ದುಡಿಯಲು ಹೊರದೇಶಕ್ಕೆ ಹೊರಟವರ ಮನೆಯಲ್ಲಿ ಶೇಂಗಾ ಚಟ್ನಿ, ಗುರೆಳ್ಳು ಪುಡಿ, ಖಡಕ್ ರೊಟ್ಟಿಯ ತಯಾರಿ ತಿಂಗಳ ಮೊದಲೇ ಶುರುವಾಗುತ್ತದೆ. ಫೋನ್ ವಿಷಯ ಮಾತ್ರ ‘ಅಲ್ಲಿ ಹೋಗಿ ನೋಡೋಣ’ ಎಂದು ಉಳಿದುಬಿಡುತ್ತದೆ. ‘ವಿದೇಶದಲ್ಲಿ ಬೇಕಾಗುವ 25 ಆ್ಯಪ್’ ಎಂಬ ಪಟ್ಟಿ ವಾಟ್ಸ್‌ಆ್ಯಪ್‌ನಲ್ಲಿ ಬಂದಿರುತ್ತದಲ್ಲ, ಸಾಕು ಎಂದುಕೊಳ್ಳುತ್ತಾರೆ. ಆ್ಯಪ್ ಇಳಿಸಲು ಎರಡು ನಿಮಿಷ ಬೇಕು ಅಷ್ಟೇ. ಅದು ಬಾಗಿಲು ತೆರೆಯಬೇಕಾದರೆ ಒಟಿಪಿ ಬೇಕು, ಒಟಿಪಿ ಬರಬೇಕಾದರೆ ನಂಬರ್ ಜೀವಂತ ಇರಬೇಕು. ಪಟ್ಟಿಯಲ್ಲಿ ಇಲ್ಲದ್ದು ಇದೇ.

ಮೊದಲು ಫೋನ್‌ನಲ್ಲಿ *#06# ಒತ್ತಿ ನೋಡಿ. ಫೋನಿನ ಗುರುತಿನ ಸಂಖ್ಯೆಯಾದ ಐಎಂಇಐ ಜೊತೆಗೆ ಇಐಡಿ ಎಂಬ 32 ಅಂಕಿಯ ಸಂಖ್ಯೆಯೂ ಕಂಡರೆ ಆ ಫೋನ್ ಇ-ಸಿಮ್ (ಕಾರ್ಡ್ ಇಲ್ಲದೆ ಫೋನಿನೊಳಗೇ ಕೂರುವ ಸಿಮ್) ತೆಗೆದುಕೊಳ್ಳುತ್ತದೆ. ಭಾರತದ ನಂಬರನ್ನು ಪ್ಲಾಸ್ಟಿಕ್ ಸಿಮ್‌ನಲ್ಲೇ ಉಳಿಸಿ, ಅಲ್ಲಿಯ ನಂಬರನ್ನು ಇ-ಸಿಮ್ ಮಾಡಿಕೊಳ್ಳಿ. ಉಲ್ಟಾ ಮಾಡಿದರೆ ಪೇಚಾಟ. ಭಾರತದ ನಂಬರ್ ಇ-ಸಿಮ್ ಆಗಿದ್ದು ಫೋನ್ ಒಡೆದರೋ ಕಳೆದರೋ, ಹೊಸ ಫೋನಿಗೆ ಅದನ್ನು ತರಲು ಕಳಿಸುವ ಒಟಿಪಿ ಬರುವುದು ಆ ಸತ್ತ ನಂಬರಿಗೇ. ಪ್ಲಾಸ್ಟಿಕ್ ಸಿಮ್ ಆದರೆ ಒಡೆದ ಫೋನಿಗೆ ಪಿನ್ನು ಚುಚ್ಚಿ ತೆಗೆದು ಬೇರೆಯದಕ್ಕೆ ಹಾಕಿದರಾಯಿತು.

ದೂರಸಂಪರ್ಕ ನಿಯಂತ್ರಕ ಸಂಸ್ಥೆ ಟ್ರಾಯ್‌ನ ನಿಯಮದ ಪ್ರಕಾರ 90 ದಿನ ಯಾವ ಬಳಕೆಯೂ ಇಲ್ಲದ ಪ್ರೀಪೇಯ್ಡ್ ನಂಬರನ್ನು ಕಂಪನಿ ಬಂದ್ ಮಾಡಬಹುದು. ಬ್ಯಾಲೆನ್ಸ್‌ನಲ್ಲಿ 20 ರೂಪಾಯಿ ಇದ್ದರೆ ಅದನ್ನು ಮುರಿದುಕೊಂಡು ಇನ್ನೂ 30 ದಿನ ನಡೆಸುತ್ತದೆ. ಬಂದ್ ಆದ ನಂಬರ್ ಕೆಲವು ತಿಂಗಳ ನಂತರ ಇನ್ಯಾರದೋ ಪಾಲಾಗುತ್ತದೆ; ಆಮೇಲೆ ಬ್ಯಾಂಕಿನ ಸಂದೇಶವೂ ಅವರಿಗೆ, ವಾಟ್ಸ್‌ಆ್ಯಪ್ ನೋಂದಣಿಯೂ ಅವರಿಗೆ. ಆದ್ದರಿಂದ ದೀರ್ಘ ಅವಧಿಯ ಪ್ಲಾನ್ ಹಾಕಿಸಿ, ಮುಗಿಯುವ ದಿನಾಂಕವನ್ನು ಮನೆಯ ಕ್ಯಾಲೆಂಡರಿನಲ್ಲಿ ಬರೆದಿಡಿ. ರಿಚಾರ್ಜನ್ನು ಇಲ್ಲಿದ್ದವರೇ ಮಾಡಬಹುದು. ವಾಟ್ಸ್‌ಆ್ಯಪ್‌ನ ಎರಡು ಹಂತದ ಪರಿಶೀಲನೆಗೆ ಹೋಗಿ 6 ಅಂಕಿಯ ಪಿನ್ ಹಾಕಿ, ಜೊತೆಗೆ ಇ-ಮೇಲ್ ಕೊಡಿ. ಭಾರತದ ಸಿಮ್‌ಗೆ ಅಂತರರಾಷ್ಟ್ರೀಯ ರೋಮಿಂಗ್ ಚಾಲೂ ಇರಲಿ, ಆದರೆ ಸೆಟ್ಟಿಂಗ್‌ನಲ್ಲಿ ಅದರ ಡೇಟಾ ರೋಮಿಂಗ್ ಆಫ್ ಮಾಡಿಡಿ. ಸಂದೇಶ ಬರಲು ಡೇಟಾ ಬೇಕಿಲ್ಲ. ಡೇಟಾ ತೆರೆದಿಟ್ಟರೆ ಬಿಲ್ ನೋಡಿ ಕಣ್ಣು ಕತ್ತಲೆ ಬಂದೀತು.

ಹಣದ ಆ್ಯಪ್‌ಗಳಲ್ಲಿ ಎಡವುವುದು ಬೇರೆ ಕಾರಣಕ್ಕೆ. ಯುಪಿಐ ಆ್ಯಪನ್ನು ಹೊಸದಾಗಿ ನೋಂದಾಯಿಸುವಾಗ ಅದು ನಿಮ್ಮ ಸಿಮ್‌ನಿಂದ ತಾನೇ ಒಂದು ಎಸ್ಸೆಮ್ಮೆಸ್ ಕಳಿಸಿ ಫೋನ್ ನಿಮ್ಮದೇ ಎಂದು ಖಾತ್ರಿ ಮಾಡಿಕೊಳ್ಳುತ್ತದೆ. ಹಲವು ಬ್ಯಾಂಕ್ ಆ್ಯಪ್‌ಗಳದೂ ಇದೇ ರೀತಿ. ರೋಮಿಂಗ್‌ನಲ್ಲಿ ಬರುವ ಎಸ್ಸೆಮ್ಮೆಸ್ ಪುಕ್ಕಟೆ ಬರಬಹುದು, ಹೋಗುವುದಕ್ಕೆ ಬ್ಯಾಲೆನ್ಸ್ ಬೇಕು. ಅದಿಲ್ಲದಿದ್ದರೆ ಆ್ಯಪ್ ‘ಪರಿಶೀಲಿಸಲಾಗುತ್ತಿದೆ’ ಎಂದು ಸುತ್ತುತ್ತಲೇ ಇರುತ್ತದೆ. ಹೋದ ಹೊಸತರಲ್ಲಿ ಫೋನ್ ಬದಲಿಸಬೇಡಿ, ಆ್ಯಪ್ ಅಳಿಸಬೇಡಿ, ಇಲ್ಲಿ ಇರುವಾಗಲೇ ಎಲ್ಲ ನೋಂದಣಿ ಮುಗಿಸಿ. ಹಳೆಯ ಫೋನ್ ಮಾರದೆ ಜೊತೆಗೆ ಒಯ್ಯುವುದು ಜಾಣತನ.

ವಿದೇಶದಲ್ಲಿ ನೆಲೆಸಿದ ಮೇಲೆ ಇಲ್ಲಿಯ ಸಾಧಾರಣ ಉಳಿತಾಯ ಖಾತೆಯನ್ನು ಹಾಗೇ ಬಿಡುವಂತಿಲ್ಲ, ವಿದೇಶಿ ವಿನಿಮಯ ಕಾಯ್ದೆ ಫೆಮಾ ಪ್ರಕಾರ ಅದು ಎನ್‌ಆರ್‌ಒ ಎಂಬ ಅನಿವಾಸಿಗಳ ಖಾತೆಯಾಗಿ ಬದಲಾಗಬೇಕು. ಅಲ್ಲಿ ಗಳಿಸಿದ ಹಣವನ್ನು ಇಲ್ಲಿ ತಮ್ಮ ಹೆಸರಿನಲ್ಲಿ ಇಡಲು ಎನ್‌ಆರ್‌ಇ ಎಂಬ ಇನ್ನೊಂದು ಅನಿವಾಸಿ ಖಾತೆ ತೆರೆಯಬಹುದು. ಈ ಖಾತೆಗಳಿಗೆ ವಿದೇಶಿ ನಂಬರಿನಿಂದಲೇ ಯುಪಿಐ ಜೋಡಿಸಲು 2023ರಲ್ಲಿ ಅನುಮತಿ ಸಿಕ್ಕಿತು. ಮೊದಲು ಸಿಂಗಪುರ, ಅಮೆರಿಕ, ಆಸ್ಟ್ರೇಲಿಯಾ, ಕೆನಡಾ, ಹಾಂಗ್‌ಕಾಂಗ್, ಒಮಾನ್, ಕತಾರ್, ಸೌದಿ, ಯುಎಇ, ಬ್ರಿಟನ್ ಎಂದು 10 ದೇಶಗಳು. ಆಮೇಲೆ ಫ್ರಾನ್ಸ್, ಮಲೇಷ್ಯಾ ಸೇರಿದವು. ಪಟ್ಟಿಯ ಹೊರಗಿನ ದೇಶಕ್ಕೆ ಹೋಗುವವರಿಗೆ ಭಾರತದ ನಂಬರೇ ಗತಿ.

ಹಣ ಕಳಿಸುವ ಆ್ಯಪ್‌ಗಳಲ್ಲಿ ‘ಶುಲ್ಕ ಸೊನ್ನೆ’ ಎಂಬ ಜಾಹೀರಾತಿಗೆ ಮರುಳಾಗಬೇಡಿ. ಯೂರೋದ ಮಾರುಕಟ್ಟೆ ದರ 100 ರೂಪಾಯಿ ಎಂದುಕೊಳ್ಳಿ. ಶುಲ್ಕ ಸೊನ್ನೆ ಎನ್ನುವ ಆ್ಯಪ್ 98 ರೂಪಾಯಿ 50 ಪೈಸೆ ಕೊಟ್ಟರೆ 1000 ಯೂರೋಗೆ 1500 ರೂಪಾಯಿ ಕೈಬಿಟ್ಟಿತು. 5 ಯೂರೋ ಶುಲ್ಕ ಮುರಿದುಕೊಂಡು ಪೂರ್ತಿ ದರ ಕೊಡುವ ಆ್ಯಪ್‌ನಲ್ಲಿ ಹೋಗುವುದು ಬರೀ 500. ಕಳಿಸುವ ದಿನ ಎರಡು-ಮೂರು ಆ್ಯಪ್ ತೆರೆದು, ಮನೆಯವರ ಖಾತೆಗೆ ಕೊನೆಗೆ ಎಷ್ಟು ರೂಪಾಯಿ ಬೀಳುತ್ತದೆ ಎಂಬ ಒಂದೇ ಸಾಲನ್ನು ಹೋಲಿಸಿ. ಉಳಿದದ್ದೆಲ್ಲ ಅಲಂಕಾರ.

ಅಲ್ಲಿಯ ಬ್ಯಾಂಕಿನ ಅಥವಾ ಸಾರಿಗೆಯ ಆ್ಯಪ್ ಪ್ಲೇ ಸ್ಟೋರ್‌ನಲ್ಲಿ ಕಾಣುವುದೇ ಇಲ್ಲ ಎಂಬ ದೂರು ಬಹಳ. ಆ್ಯಪ್ ಇದೆ, ಆದರೆ ನಿಮ್ಮ ಗೂಗಲ್ ಖಾತೆ ಭಾರತದ್ದು. ಆ ದೇಶದ ಖಾತೆಗಳಿಗೆ ಮಾತ್ರ ತೋರಿಸುವಂತೆ ಅದನ್ನು ಮಾಡಿದವರೇ ಮಿತಿ ಹಾಕಿರುತ್ತಾರೆ. ದೇಶ ಬದಲಿಸಬಹುದು, ಆದರೆ ಗೂಗಲ್ ಅದಕ್ಕೆ ವರ್ಷಕ್ಕೆ ಒಂದೇ ಅವಕಾಶ ಕೊಡುತ್ತದೆ. ಸುಲಭದ ದಾರಿ ಎಂದರೆ ಅಲ್ಲಿ ಇಳಿದ ಮೇಲೆ ಇನ್ನೊಂದು ಗೂಗಲ್ ಖಾತೆ ತೆರೆದು ಅದೇ ಫೋನಿಗೆ ಸೇರಿಸುವುದು. ಪ್ಲೇ ಸ್ಟೋರ್‌ನಲ್ಲಿ ಮೇಲಿನ ಮೂಲೆಯ ಚಿತ್ರ ಒತ್ತಿದರೆ ಖಾತೆ ಬದಲಾಗುತ್ತದೆ, ಹಳೆಯ ಆ್ಯಪ್‌ಗಳಿಗೆ ಏನೂ ಆಗುವುದಿಲ್ಲ. ಗೂಗಲ್ ಖಾತೆಯ ಭದ್ರತೆ ವಿಭಾಗದಲ್ಲಿ 10 ಬ್ಯಾಕಪ್ ಕೋಡ್ ಸಿಗುತ್ತವೆ, ಒಂದೊಂದು ಒಂದೇ ಸಲಕ್ಕೆ. ಅವನ್ನು ಪ್ರಿಂಟ್ ತೆಗೆಸಿ ಕಾಗದದಲ್ಲೇ ಇಡಿ. ಫೋನ್ ಕಳೆದ ದಿನ ಅದೇ ಫೋನಿನಲ್ಲಿ ಇಟ್ಟ ಕೋಡ್‌ನಿಂದ ಏನು ಉಪಯೋಗ?

ಇನ್ನು ದೇಶಕ್ಕೊಂದು ಲೆಕ್ಕ. ಯುಎಇಯಲ್ಲಿ ಸರ್ಕಾರಿ ಕೆಲಸಗಳಿಗೆ ಯುಎಇ ಪಾಸ್ ಎಂಬ ಗುರುತಿನ ಆ್ಯಪ್ ಬೇಕೇ ಬೇಕು, ಅಲ್ಲಿಯ ಗುರುತಿನ ಚೀಟಿಯಾದ ಎಮಿರೇಟ್ಸ್ ಐಡಿ ಬಂದ ಕೂಡಲೇ ಮಾಡಿಕೊಳ್ಳಿ. ಸೌದಿಯಲ್ಲಿ ಇಕಾಮಾ (ವಾಸದ ಪರವಾನಗಿ), ವೀಸಾ ವಿವರಕ್ಕೆ ಅಬ್ಶರ್, ಕೆಲಸದ ಕರಾರು ನೋಡಲು ಕಿವಾ. ಕರಾರಿನಲ್ಲಿ ಬರೆದ ಸಂಬಳವೂ ಏಜೆಂಟ್ ಹೇಳಿದ ಸಂಬಳವೂ ಒಂದೇ ಹೌದೋ ಅಲ್ಲವೋ ಎಂದು ನೋಡುವ ಜಾಗ ಅದು. ಜಪಾನಿನಲ್ಲಿ ರೈಲು, ಬಸ್ಸು, ಅಂಗಡಿಗೆಲ್ಲ ಮೊದಲೇ ಹಣ ತುಂಬಿಡುವ ಸುಯಿಕಾ ಕಾರ್ಡ್ ನಡೆಯುತ್ತದೆ. ಐಫೋನ್‌ನಲ್ಲಿ ಅದು ವಾಲೆಟ್ ಒಳಗೇ ಕೂರುತ್ತದೆ. ಇಲ್ಲಿ ಕೊಂಡ ಆಂಡ್ರಾಯ್ಡ್ ಫೋನಿನಲ್ಲಿ ಸಾಮಾನ್ಯವಾಗಿ ಏಳುವುದಿಲ್ಲ, ಜಪಾನಿ ಮಾದರಿಯ ಫೋನ್‌ಗಳಲ್ಲಿರುವ ಫೆಲಿಕಾ ಪಾವತಿ ವ್ಯವಸ್ಥೆ ಅವುಗಳಲ್ಲಿ ಇರುವುದಿಲ್ಲ. ಅಂಥವರು 500 ಯೆನ್ ಠೇವಣಿ ಇಟ್ಟು ಪ್ಲಾಸ್ಟಿಕ್ ಕಾರ್ಡನ್ನೇ ತೆಗೆದುಕೊಳ್ಳುವುದು ಲೇಸು.

ಜರ್ಮನಿಗೆ ಹೋಗುವ ವಿದ್ಯಾರ್ಥಿಗಳು ಅಲ್ಲಿಯ ರೈಲ್ವೆಯ ಡಿಬಿ ನ್ಯಾವಿಗೇಟರ್ ಆ್ಯಪ್‌ನಲ್ಲಿ ಡಾಯ್ಚ್‌ಲಾಂಡ್ ಟಿಕೆಟ್ ಎಂಬ, ಸ್ಥಳೀಯ ಬಸ್ಸು-ರೈಲುಗಳ ತಿಂಗಳ ಪಾಸ್ ಕೊಳ್ಳುತ್ತಾರೆ. 2023ರ ಮೇ ತಿಂಗಳಲ್ಲಿ 49 ಯೂರೋಗೆ ಶುರುವಾದದ್ದು 2026ರ ಜನವರಿಯಿಂದ 63 ಯೂರೋ ಆಗಿದೆ. ಇದು ನಮ್ಮ ತಿಂಗಳ ಬಸ್ ಪಾಸಿನಂತೆ ತಾನೇ ಮುಗಿಯುವುದಿಲ್ಲ. ಚಂದಾ ಇದ್ದಂತೆ ಪ್ರತಿ ತಿಂಗಳೂ ಹಣ ಕಡಿತವಾಗುತ್ತದೆ. ಬೇಡವೆಂದರೆ ಆ ತಿಂಗಳ 10ನೇ ತಾರೀಖಿನೊಳಗೆ ರದ್ದು ಮಾಡಬೇಕು, 11ಕ್ಕೆ ನೆನಪಾದರೆ ಇನ್ನೊಂದು 63 ಯೂರೋ ಹೋಯಿತು. ಐಸಿಇ, ಐಸಿ ಎಂಬ ದೂರದ ವೇಗದ ರೈಲುಗಳಿಗೆ ಇದು ನಡೆಯುವುದಿಲ್ಲ. ತಪಾಸಣೆಗೆ ಬಂದವರಿಗೆ ಸ್ಕ್ರೀನ್‌ಶಾಟ್ ತೋರಿಸಿದರೂ ಆಗದು, ಆ್ಯಪ್ ತೆರೆದು ಟಿಕೆಟ್ ಮತ್ತು ಫೋಟೊ ಇರುವ ಗುರುತಿನ ಚೀಟಿ ತೋರಿಸಬೇಕು. ಟಿಕೆಟ್ ತೋರಿಸಲಾಗದಿದ್ದರೆ 60 ಯೂರೋ ದಂಡ ಬೀಳಬಹುದು. ಪವರ್ ಬ್ಯಾಂಕ್ ಅದಕ್ಕಿಂತ ಅಗ್ಗ.

ಗೂಗಲ್ ಟ್ರಾನ್ಸ್‌ಲೇಟ್‌ನಲ್ಲಿ ಕನ್ನಡವಿದೆ. ಹೊರಡುವ ಮೊದಲೇ ಕನ್ನಡ, ಇಂಗ್ಲಿಷ್ ಮತ್ತು ಆ ದೇಶದ ಭಾಷೆ ಮೂರನ್ನೂ ಡೌನ್‌ಲೋಡ್ ಮಾಡಿ, ಏರೋಪ್ಲೇನ್ ಮೋಡ್ ಹಾಕಿ ಒಂದು ಸಲ ಪರೀಕ್ಷಿಸಿ. ‘ಹೊಂಟೀನ್ರಿ, ಎಲ್ಲಿ ಇಳೀಬೇಕು’ ಎಂದರೆ ಅದು ತಡವರಿಸುತ್ತದೆ. ನಮ್ಮ ಮಾತನ್ನು ಅರ್ಧ ನಿಮಿಷ ಬದಿಗಿಟ್ಟು ಪಠ್ಯಪುಸ್ತಕದ ಕನ್ನಡದಲ್ಲಿ, ಒಂದು ವಾಕ್ಯಕ್ಕೆ ಒಂದೇ ಕ್ರಿಯಾಪದ ಇಟ್ಟು ಬರೆಯಿರಿ. ಬಾಡಿಗೆ ಕರಾರು, ಕೆಲಸದ ಕರಾರಿಗೆ ಮಾತ್ರ ಯಂತ್ರದ ಅನುವಾದ ನಂಬಿ ಸಹಿ ಹಾಕಬೇಡಿ. ಗೂಗಲ್ ಮ್ಯಾಪಿನಲ್ಲಿ ಊರಿನ ನಕ್ಷೆ ಇಳಿಸಿಕೊಂಡರೂ ನೆಟ್ ಇಲ್ಲದಾಗ ಅದು ವಾಹನದ ದಾರಿ ಮಾತ್ರ ಹೇಳುತ್ತದೆ. ನಡೆಯುವ ದಾರಿ, ಬಸ್ಸು, ರೈಲು ಹೇಳುವುದಿಲ್ಲ. ಮೊದಲ ದಿನಕ್ಕೆ ಆರ್ಗ್ಯಾನಿಕ್ ಮ್ಯಾಪ್ಸ್ ಕೂಡ ಇರಲಿ, ಅದು ನೆಟ್ ಇಲ್ಲದೆಯೂ ನಡೆಯುವ ದಾರಿ ತೋರಿಸುತ್ತದೆ. ತುರ್ತು ನಂಬರು ಯುರೋಪ್ ಒಕ್ಕೂಟದಲ್ಲಿ ನಮ್ಮಂತೆಯೇ 112. ಯುಎಇಯಲ್ಲಿ ಪೊಲೀಸ್ 999, ಆಂಬುಲೆನ್ಸ್ 998. ಜಪಾನಿನಲ್ಲಿ ಪೊಲೀಸ್ 110, ಆಂಬುಲೆನ್ಸ್ 119.

ಗಲ್ಫ್‌ಗೆ ಕೆಲಸಕ್ಕೆ ಹೋಗುವವರಿಗೆ ಏಜೆಂಟರು ‘ವೀಸಾ ಆ್ಯಪ್’ ಎಂದು ವಾಟ್ಸ್‌ಆ್ಯಪ್‌ನಲ್ಲಿ ಎಪಿಕೆ ಫೈಲ್ (ಪ್ಲೇ ಸ್ಟೋರ್ ಬಿಟ್ಟು ನೇರ ಹಾಕುವ ಆ್ಯಪ್) ಕಳಿಸಿದರೆ ಮುಟ್ಟಬೇಡಿ. ಏಜೆಂಟ್ ಪರವಾನಗಿ ಪಡೆದವನೋ ಎಂದು ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ತಾಣದಲ್ಲಿ ಹುಡುಕಿ ನೋಡಬಹುದು. ಅವನು ತೆಗೆದುಕೊಳ್ಳಬಹುದಾದ ಸೇವಾ ಶುಲ್ಕದ ಮಿತಿ 30,000 ರೂಪಾಯಿ ಮತ್ತು ಅದರ ಜಿಎಸ್‌ಟಿ. ಅಲ್ಲಿ ತೊಂದರೆಯಾದರೆ ದೂತಾವಾಸಕ್ಕೆ ದೂರು ಕೊಡಲು ಮದದ್ ತಾಣವಿದೆ. ಇಷ್ಟನ್ನು ಹುಬ್ಬಳ್ಳಿಯ ಪಾಸ್‌ಪೋರ್ಟ್ ಸೇವಾ ಕೇಂದ್ರದ ಗೋಡೆಗೆ ಕನ್ನಡದಲ್ಲಿ ಅಂಟಿಸಿದರೆ, ಕಾಲೇಜುಗಳ ಪ್ಲೇಸ್‌ಮೆಂಟ್ ವಿಭಾಗದವರು ಒಂದು ತಾಸು ಹೇಳಿಕೊಟ್ಟರೆ ಖರ್ಚೇನೂ ಇಲ್ಲ. ಸಂಬಂಧಪಟ್ಟವರು ಗಮನಿಸಲಿ.

ಕೊನೆಯದು ಊರಲ್ಲಿ ಉಳಿಯುವವರ ಫೋನ್. ಯುಎಇಯಲ್ಲಿ ವಾಟ್ಸ್‌ಆ್ಯಪ್ ಸಂದೇಶ ನಡೆಯುತ್ತದೆ, ಕರೆ ನಡೆಯುವುದಿಲ್ಲ. ಇರುವ ದೇಶವನ್ನು ಮರೆಮಾಚುವ ವಿಪಿಎನ್ ಹಾಕಿ ತಪ್ಪಿಸಿಕೊಳ್ಳುತ್ತೇನೆ ಎನ್ನಬೇಡಿ, ಅಲ್ಲಿಯ ಕಾನೂನಿನಲ್ಲಿ ಅದಕ್ಕೆ ಲಕ್ಷಗಟ್ಟಲೆ ದಿರ್ಹಂ ದಂಡವಿದೆ. ಅಲ್ಲಿ ಕರೆಗೆ ಅನುಮತಿ ಇರುವ ಬೋಟಿಮ್ ಆ್ಯಪ್ ಎರಡೂ ಕಡೆ ಇರಬೇಕು. ಅವ್ವನ ಫೋನಿಗೆ ಹಾಕಿ ಬಂದರೂ ಕರೆ ಬಂದದ್ದು ಗೊತ್ತಾಗುವುದಿಲ್ಲ ಎಂದರೆ ತಪ್ಪು ಆ್ಯಪಿನದಲ್ಲ. ಹಲವು ಕಂಪನಿಗಳ ಫೋನ್‌ಗಳು ಬ್ಯಾಟರಿ ಉಳಿಸಲು ಹಿನ್ನೆಲೆಯಲ್ಲಿರುವ ಆ್ಯಪನ್ನು ಮಲಗಿಸಿಬಿಡುತ್ತವೆ. ಸೆಟ್ಟಿಂಗ್‌ನಲ್ಲಿ ಬೋಟಿಮ್ ಹುಡುಕಿ ಬ್ಯಾಟರಿ ಮಿತಿಯನ್ನು ತೆಗೆಯಿರಿ, ಆಟೋಸ್ಟಾರ್ಟ್ ಎಂಬುದಿದ್ದರೆ ಆನ್ ಮಾಡಿ, ಮೈಕ್, ಕ್ಯಾಮೆರಾ, ನೋಟಿಫಿಕೇಶನ್ ಮೂರಕ್ಕೂ ಅನುಮತಿ ಕೊಡಿ. ಆಮೇಲೆ ಆ ಫೋನನ್ನು ಒಂದು ರಾತ್ರಿ ಮುಟ್ಟದೆ ಇಟ್ಟು, ಮುಂಜಾನೆ ಪಕ್ಕದ ಕೋಣೆಯಿಂದ ಕರೆ ಮಾಡಿ ನೋಡಿ. ಆಗಲೂ ರಿಂಗ್ ಆದರೆ ಕೆಲಸ ಆಯಿತು.

— ಒಬ್ಬ ಓದುಗ, ವಿದ್ಯಾನಗರ, ಹುಬ್ಬಳ್ಳಿ