ಪಾಳಿಯವರಿಗೆಲ್ಲ: ಎರಡನೇ ಬ್ಲೋವರ್ ಮತ್ತು ಲಾಗ್‌ಬುಕ್ ವಿಷಯ

ಎಲ್ಲರಿಗೂ ನಮಸ್ಕಾರ. ನಿನ್ನೆ ರಾತ್ರಿ ನಮ್ಮ ಕೊಳಚೆ ನೀರು ಶುದ್ಧೀಕರಣ ಘಟಕದ ಎರಡನೇ ಬ್ಲೋವರ್ (ಏರೇಷನ್ ಟ್ಯಾಂಕಿಗೆ ಗಾಳಿ ಊದುವ ಯಂತ್ರ) ಬೆಲ್ಟ್ ಹರಿದು ಬೆಳಗಿನವರೆಗೂ ನಿಂತಿತ್ತು. ಆದರೆ ಲಾಗ್‌ಬುಕ್‌ನಲ್ಲಿ ಗಂಟೆಗಂಟೆಗೂ ಡಿಒ (ನೀರಿನಲ್ಲಿ ಕರಗಿರುವ ಆಮ್ಲಜನಕ) 2.0 ಅಂತ ನೀಟಾಗಿ ಬರೆದಿದೆ! ಸುಮ್ನೆ ಅಂದಾಜಿನಲ್ಲಿ ತುಂಬಬೇಡಿ. ಮೀಟರ್ ಕೆಟ್ಟಿದ್ದರೆ ‘ಕೆಟ್ಟಿದೆ’ ಅಂತಲೇ ಬರೆಯಿರಿ, ಯಾರೂ ಬೈಯುವುದಿಲ್ಲ.

ಬೆಳಿಗ್ಗೆ ಏರೇಷನ್ ಟ್ಯಾಂಕಿನ ನೀರನ್ನು ಒಂದು ಲೀಟರ್ ಜಾರಿನಲ್ಲಿ ಹಿಡಿದು ನೋಡಿದೆ. 30 ನಿಮಿಷ ಕಳೆದರೂ ಕೆಸರು 600 ಮಿ.ಲೀ. ಗೆರೆಯಿಂದ ಕೆಳಗಿಳಿಯಲಿಲ್ಲ. ಕಂದು ಬಣ್ಣ, ಒದ್ದೆ ಮಣ್ಣಿನ ವಾಸನೆ ಇರಬೇಕಾದ ಕಡೆ ಕಪ್ಪು ಬಣ್ಣ, ಕೊಳೆತ ಮೊಟ್ಟೆ ವಾಸನೆ. ಗಾಳಿ ಇಲ್ಲದೆ ಕೊಳಚೆ ತಿನ್ನುವ ಬ್ಯಾಕ್ಟೀರಿಯಾ ಉಸಿರು ಕಟ್ಟಿದರೆ ಹೀಗೇ ಅಲ್ವಾ? ಇವತ್ತಿನಿಂದ ಪ್ರತಿ ಪಾಳಿಯಲ್ಲೂ ಈ ಎಸ್‌ವಿ 30 (30 ನಿಮಿಷದಲ್ಲಿ ಕೆಸರು ಎಷ್ಟಕ್ಕೆ ಇಳಿಯುತ್ತದೆ ಅಂತ ನೋಡುವ) ಪರೀಕ್ಷೆ ಮಾಡಿ, ಜಾರಿನ ಫೋಟೋ ಇಲ್ಲೇ ಹಾಕಿ.

ಕರೆಂಟ್ ಉಳಿಸಲು ರಿಟರ್ನ್ ಸ್ಲಡ್ಜ್ ಪಂಪ್ (ತಳದಲ್ಲಿ ಕೂತ ಕೆಸರನ್ನು ಮತ್ತೆ ಏರೇಷನ್ ಟ್ಯಾಂಕಿಗೆ ಕಳಿಸುವ ಪಂಪ್) ನಿಲ್ಲಿಸಬೇಡಿ. ಕ್ಲಾರಿಫೈಯರ್‌ನಲ್ಲಿ (ಕೆಸರು ತಳಕ್ಕೆ ಕೂರುವ ತೊಟ್ಟಿಯಲ್ಲಿ) ಕೆಸರು ತೇಲಲು ಶುರುವಾಗುತ್ತದೆ.

ಇನ್ನೊಂದು. ಪಂಪಿಗೆ ಬಟ್ಟೆ ಸಿಕ್ಕಿಕೊಂಡರೆ ಚೈನ್‌ಬ್ಲಾಕ್ ಹಾಕಿ ಮೇಲೆತ್ತಿ. ವೆಟ್‌ವೆಲ್ (ಕೊಳಚೆ ನೀರು ಬಂದು ಸೇರುವ ಬಾವಿ) ಒಳಗೆ ಯಾರೂ ಇಳಿಯಬಾರದು, ‘ಎರಡೇ ನಿಮಿಷ ಸಾರ್’ ಅಂದರೂ ಬೇಡ. ಅಲ್ಲಿ ಹೈಡ್ರೋಜನ್ ಸಲ್ಫೈಡ್ (ಕೊಳೆತ ಮೊಟ್ಟೆ ವಾಸನೆಯ ವಿಷಾನಿಲ) ಜಾಸ್ತಿಯಾದರೆ ಮೂಗಿಗೆ ವಾಸನೆಯೇ ಗೊತ್ತಾಗುವುದಿಲ್ಲ.

ಹೊಸ ಬೆಲ್ಟ್ ಶುಕ್ರವಾರ ಬರುತ್ತದೆ. ಅಲ್ಲಿವರೆಗೆ ಸ್ಟ್ಯಾಂಡ್‌ಬೈ ಬ್ಲೋವರ್ ಓಡಲಿ.