ಸಿರುಗುಪ್ಪ ಬಸ್ ಸ್ಟ್ಯಾಂಡಿನ ಗುಲಾಬಿ ಸೀರೆಯ ಅಕ್ಕನಿಗೆ

ಅಕ್ಕಾ, ನಿಮ್ಮ ಹೆಸರು ಕೇಳಲೇ ಇಲ್ಲ. ಗುಲಾಬಿ ಸೀರೆ ನೋಡಿ ಆಶಾ ಕಾರ್ಯಕರ್ತೆ ಅಂತ ಗೊತ್ತಾಯಿತು, ಅಷ್ಟೇ.

ಅವತ್ತು ನನ್ನ ತಮ್ಮ ಕಿವಿ ಮುಚ್ಚಿಕೊಂಡು ಯಾರಿಗೋ ಬೈಯುತ್ತಿದ್ದ. ಎದುರಿಗೆ ಯಾರೂ ಇರಲಿಲ್ಲ. ಜನ ಸುತ್ತ ನಿಂತು ವಿಡಿಯೊ ಮಾಡುತ್ತಿದ್ದರು. ಅವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅಳುತ್ತಿದ್ದಳು. ನೀವು ಬಂದವರೇ ಮೊದಲು ಆ ಮೊಬೈಲುಗಳನ್ನು ಜೇಬಿಗೆ ಹಾಕಿಸಿದಿರಿ. ಆಮೇಲೆ ಅವನ ಪಕ್ಕ ನೆಲದ ಮೇಲೇ ಕೂತು, "ಊಟ ಆತೇನಪ್ಪಾ?" ಅಂದಿರಿ. ಎರಡು ವರ್ಷದಿಂದ ಅವನನ್ನು ಯಾರೂ ಹಾಗೆ ಕೇಳಿರಲಿಲ್ಲ. ಮನೆಯವರಾದ ನಾವೂ ಕೇಳಿರಲಿಲ್ಲ.

ತಾಯತ, ಹರಕೆ ಅಂತ ಸಾಲ ಮಾಡಿ ಸುತ್ತಿದ್ದೆವು. "ಇದು ಗಾಳಿ ಸೋಕಿದ್ದಲ್ಲವ್ವಾ, ಕಾಯಿಲೆ. ಶುಗರ್, ಬಿಪಿಗೆ ಇದ್ದ ಹಾಗೆ ಇದಕ್ಕೂ ಮಾತ್ರೆ ಇದಾವೆ" ಅಂದಿರಿ. ನಿಮ್ಮ ಫೋನಿನಿಂದಲೇ 14416ಕ್ಕೆ ಹಚ್ಚಿ ಕೊಟ್ಟಿರಿ. ಅದು ಟೆಲಿ ಮಾನಸ್, ಸರ್ಕಾರದ ಸಹಾಯವಾಣಿ. 2022ರಿಂದ ಇದೆ. ದುಡ್ಡಿಲ್ಲ, ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ಹಳ್ಳಿ ಆಸ್ಪತ್ರೆಗಳಲ್ಲೇ ಮನಸ್ಸಿನ ಕಾಯಿಲೆ ನೋಡುವ ಕೆಲಸವನ್ನು ನಿಮ್ಹಾನ್ಸ್ 1980ರ ದಶಕದಲ್ಲೇ ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ ಮಾಡಿ ತೋರಿಸಿತ್ತು. ಮುಂದೆ ದೇಶಕ್ಕೇ ಅದು ಮಾದರಿ ಆಯಿತು. ಇಷ್ಟು ಹತ್ತಿರ ಇದ್ದೂ ನಮಗೆ ತಿಳಿದಿರಲಿಲ್ಲ, ನೋಡಿ. ಹೊಟ್ಟೆ ಉರಿಯುತ್ತದೆ.

ನಿಮ್ಮ ಬಸ್ ಬಿಟ್ಟು ಆಸ್ಪತ್ರೆಯ ಚೀಟಿ ಸಾಲಿನಲ್ಲೂ ನಮ್ಮ ಜೊತೆ ನಿಂತಿರಿ. ಅದನ್ನು ಮರೆಯೋಕಾಗಲ್ಲ.

ಈಗ ಅವನು ಮಾತ್ರೆ ತಪ್ಪಿಸುವುದಿಲ್ಲ. ನಿದ್ದೆ ಮಾಡುತ್ತಾನೆ. ಮೊನ್ನೆ ಭತ್ತದ ನಾಟಿಗೂ ಬಂದಿದ್ದ, ಅರ್ಧ ದಿನ.

ಮತ್ತೆ ಸಿಕ್ಕರೆ ಹೆಸರು ಹೇಳಿ ಅಕ್ಕಾ. ಅವ್ವ ದಿನಾ ಕೇಳುತ್ತಾಳೆ.